ಹಲ್ಕ್ ಹೋಗನ್ ಕೇಸು ಓದಿದ ಮೇಲೆ ನಮ್ಮ ಚಾನೆಲ್‌ನಲ್ಲಿ ಜಗಳ: ಖಾಸಗಿ ಕ್ಲಿಪ್ ಹಾಕಬೇಕಾ, ಬೇಡ್ವಾ?

ಗಡಿಗಿ ಸರ್ಕಲ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಬಳ್ಳಾರಿಯಲ್ಲಿ ಸಣ್ಣ ಯೂಟ್ಯೂಬ್ ಸುದ್ದಿ ಚಾನೆಲ್ ನಡೆಸುತ್ತೇವೆ. ನಲ್ಲಿ ನೀರು, ಗಣಿ ಲಾರಿಗಳ ಧೂಳು, ಜೀನ್ಸ್ ಘಟಕಗಳ ಕರೆಂಟ್ ತಾಪತ್ರಯ, ನಮ್ಮ ಸುದ್ದಿ ಎಲ್ಲಾ ಇಂಥದ್ದೇ. ಈಚೆಗೆ ವಾಟ್ಸಾಪ್‌ನಲ್ಲಿ ಒಂದು ಕ್ಲಿಪ್ ಬಂತು. ಜಾತ್ರೆಗಳಲ್ಲಿ ಹಾಡಿ ಹೆಸರು ಮಾಡಿದ ಒಬ್ಬ ಜಾನಪದ ಗಾಯಕ, ಮಲಗುವ ಕೋಣೆ. ಹೆಸರು ಕೇಳಬೇಡಿ, ಹೇಳಲ್ಲ. ನಮ್ಮ ಟೀಮ್‌ನಲ್ಲಿ ಅರ್ಧ ಜನ "ಬ್ಲರ್ ಮಾಡಿ ಹಾಕೋಣ, ಎಲ್ಲರೂ ಹಾಕ್ತಾರೆ" ಅಂದರು. ನಾನು ಬೇಡ ಅಂದೆ. ಜಗಳ ಆಯ್ತು.

ಆಗ ಅಮೆರಿಕದ ಗಾಕರ್ ಕೇಸು ತೆಗೆದು ಓದಿದೆ. ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಗಾಕರ್ ಅಂದರೆ ನ್ಯೂಯಾರ್ಕ್‌ನ ಆನ್‌ಲೈನ್ ಮೀಡಿಯಾ ಕಂಪನಿ. ಮಾಲೀಕ ನಿಕ್ ಡೆಂಟನ್. 2012ರ ಅಕ್ಟೋಬರ್‌ನಲ್ಲಿ ಅವರು ಕುಸ್ತಿಪಟು ಹಲ್ಕ್ ಹೋಗನ್‌ನ ಖಾಸಗಿ ವಿಡಿಯೋದ ತುಣುಕು ಹಾಕಿದರು. ಗೆಳೆಯನ ಮನೆಯಲ್ಲಿ ತೆಗೆದ ವಿಡಿಯೋ ಅದು. ಕ್ಯಾಮೆರಾ ಇದ್ದದ್ದೇ ನನಗೆ ಗೊತ್ತಿರಲಿಲ್ಲ ಎಂದು ಹೋಗನ್ ಹೇಳಿದ. ಕೇಸು ಫ್ಲೋರಿಡಾದ ಕೋರ್ಟ್‌ಗೆ ಹೋಯ್ತು. 2016ರ ಮಾರ್ಚ್‌ನಲ್ಲಿ ಜ್ಯೂರಿ (ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ) ಮೊದಲು 11.5 ಕೋಟಿ ಡಾಲರ್ ಪರಿಹಾರ ಕೊಡಿ ಅಂತು. ಮೂರು ದಿನ ಬಿಟ್ಟು ದಂಡವಾಗಿ ಇನ್ನೂ 2.5 ಕೋಟಿ ಸೇರಿಸಿತು. ಒಟ್ಟು 14 ಕೋಟಿ ಡಾಲರ್. ಆಗಿನ ದರದಲ್ಲಿ 900 ಕೋಟಿ ರೂಪಾಯಿಗೂ ಜಾಸ್ತಿ. ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗಸ್ಟ್‌ನಲ್ಲಿ ಯೂನಿವಿಷನ್ ಎಂಬ ಕಂಪನಿ ಅದನ್ನು 13.5 ಕೋಟಿ ಡಾಲರ್‌ಗೆ ಕೊಂಡಿತು. ಗಾಕರ್ ಸೈಟು ಮುಚ್ಚಿಹೋಯ್ತು.

ನನ್ನ ಪ್ರಶ್ನೆ: ಇದು ನ್ಯಾಯವಾ, ಇಲ್ಲ ದುಡ್ಡಿದ್ದವರು ಪತ್ರಿಕೆ ಮುಚ್ಚಿಸುವ ದಾರಿಯಾ? ಮತ್ತೆ ನಮ್ಮಂಥವರ ಗತಿ ಏನು?

ಟ್ರಂಪ್ ಕಾರ್ಡ್ (ಸಂಡೂರು)

ಹಲ್ಕ್ ಹೋಗನ್! ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಈ ಹೆಸರು ಹೇಳಿದರೆ ಸಾಕು. ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಕಟ್ಟು ಇಟ್ಟುಕೊಂಡು ಎತ್ತರ, ತೂಕ, ಎದೆ ಅಳತೆ ಅಂತ ಕೂಗಿ ಆಡುತ್ತಿದ್ದೆವು. ಹಳದಿ ಬನಿಯನ್ ಹರಿಯುವ ಆ ಮೀಸೆಯ ಮನುಷ್ಯ ಕೋರ್ಟ್‌ಗೆ ಕಪ್ಪು ಬಟ್ಟೆ, ತಲೆಗೆ ಕಪ್ಪು ಬಂಡಾನ ಕಟ್ಟಿಕೊಂಡು ಬಂದಿದ್ದ. 2025ರ ಜುಲೈನಲ್ಲಿ ತೀರಿಕೊಂಡ, 71 ವರ್ಷ.

ಒಂದು ಮಾತು ಸೇರಿಸ್ತೀನಿ. ಕ್ಯಾಮೆರಾ ಇದ್ದ ಮನೆಯ ಗೆಳೆಯನ ಮೇಲೂ ಹೋಗನ್ ಕೇಸು ಹಾಕಿದ್ದ. ಅದು ಬರೀ 5,000 ಡಾಲರ್‌ಗೆ ರಾಜಿ ಆಯ್ತು. ವಿಡಿಯೋ ಹಾಕಿದ ಸೈಟಿಗೆ 14 ಕೋಟಿ. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ.

ಕೌಲ್‌ಬಜಾರ್ ಕಾಕಾ

ಇದರಲ್ಲಿ ಯೋಚನೆ ಮಾಡೋದು ಏನಿದೆ? ಮತ್ತೊಬ್ಬರ ಮಲಗುವ ಕೋಣೆಗೆ ಕಿಟಕಿ ಇಟ್ಟು ದುಡ್ಡು ಮಾಡಿದರು, ಮುಳುಗಿದರು. ಒಳ್ಳೇದಾಯ್ತು. ನಿಮ್ಮ ಟೀಮ್‌ನಲ್ಲಿ ಬ್ಲರ್ ಮಾಡಿ ಹಾಕೋಣ ಅಂದವರನ್ನು ಮೊದಲು ಮನೆಗೆ ಕಳಿಸಿ.

ಎಡದಂಡೆ ಕಾಲುವೆ (ಗಂಗಾವತಿ)

ಕಾಕಾ, ಅಷ್ಟು ಸರಳ ಇಲ್ಲ ನೋಡ್ರಿ. ಹೋಗನ್ ಸುಮ್ನೆ ಮನೆಯಲ್ಲಿ ಕೂತಿದ್ದ ಮನುಷ್ಯ ಅಲ್ಲ. ರೇಡಿಯೋ ಕಾರ್ಯಕ್ರಮಗಳಲ್ಲಿ ಕೂತು ತನ್ನ ಖಾಸಗಿ ಜೀವನದ ಬಗ್ಗೆ ತಾನೇ ಜೋರಾಗಿ ಮಾತಾಡಿದ್ದ. ಗಾಕರ್ ವಾದವೇ ಅದು: ಇವನೇ ಊರಿಗೆಲ್ಲಾ ಹೇಳಿಕೊಂಡ ವಿಷಯ, ಹಾಗಾಗಿ ಇದು ಸುದ್ದಿ. 2012ರಲ್ಲಿ ಫೆಡರಲ್ ಕೋರ್ಟ್ (ಅಲ್ಲಿನ ಕೇಂದ್ರದ ಕೋರ್ಟ್) ವಿಡಿಯೋಗೆ ತಡೆ ಕೊಡಲಿಲ್ಲ. ಆಮೇಲೆ ಫ್ಲೋರಿಡಾ ಕೋರ್ಟ್ ತಡೆ ಕೊಟ್ಟಿತು. 2014ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಆ ತಡೆಯನ್ನೂ ತೆಗೆದುಹಾಕಿತು. ಅಂದರೆ ಕಾನೂನು ಬಲ್ಲ ಜಡ್ಜ್‌ಗಳಲ್ಲೇ ಕೆಲವರು ಗಾಕರ್ ಕಡೆ ವಾಲಿದ್ದರು. ಸೋತದ್ದು ಜ್ಯೂರಿ ಮುಂದೆ.

ಸಿರುಗುಪ್ಪ ಭತ್ತ

ಹೋಗನ್ ಅದಕ್ಕೆ ಕೊಟ್ಟ ಉತ್ತರ ನನಗೆ ಹಿಡಿಸಿತು. ರೇಡಿಯೋದಲ್ಲಿ ಮಾತಾಡಿದ್ದು ಹಲ್ಕ್ ಹೋಗನ್ ಎಂಬ ಪಾತ್ರ, ಆ ಕೋಣೆಯಲ್ಲಿದ್ದದ್ದು ಟೆರ್ರಿ ಬೊಲಿಯಾ ಎಂಬ ಮನುಷ್ಯ ಅಂದ. ಅಲ್ಲಿನ ಪತ್ರಕರ್ತರು ನಕ್ಕರಂತೆ. ನಮ್ಮ ಕಡೆ ಯಾರೂ ನಗಲ್ಲ. ಬಯಲಾಟದಲ್ಲಿ ದುರ್ಯೋಧನನ ಪಾತ್ರ ಮಾಡಿದವನು ಬೆಳಿಗ್ಗೆ ಎದ್ದು ಹೊಲಕ್ಕೆ ನೀರು ಕಟ್ಟೋಕೆ ಹೋಗ್ತಾನೆ. ಅಲ್ಲೂ ಕಿರೀಟ ಇಟ್ಟುಕೊಂಡಿರ್ತಾನಾ? ವೇದಿಕೆ ಮೇಲೆ ಏನು ಗರ್ಜಿಸಿದರೂ ಅವನ ಮನೆ ಬಾಗಿಲು ಅವನದೇ.

ವಕೀಲಮ್ಮ (ರಾಯಚೂರು)

ಗಡಿಗಿ ಸರ್ಕಲ್, ನೀವು ಕೇಳಿದ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ತರ ಇದೆ. ಮೊದಲು ಕ್ಲಿಪ್ ವಿಷಯ ಮುಗಿಸೋಣ.

ಆ ಕ್ಲಿಪ್‌ನಲ್ಲಿ ಇನ್ನೊಬ್ಬರು ಇದ್ದಾರೆ ಅಲ್ವಾ? ಇಲ್ಲಿಯವರೆಗೂ ಯಾರೂ ಅವರ ಬಗ್ಗೆ ಮಾತೇ ಎತ್ತಿಲ್ಲ. ಗಾಯಕ ಪ್ರಸಿದ್ಧ, ಸರಿ. ಆ ಹೆಣ್ಣುಮಗಳು ಯಾರು? ಅವಳು ಯಾವ ಜಾತ್ರೆಯಲ್ಲಿ ಹಾಡಿದ್ದಾಳೆ? ಹೋಗನ್ ಕೇಸಿನಲ್ಲೂ ಹೀಗೇ ಆಯ್ತು. ವರ್ಷಗಟ್ಟಲೆ ಎಲ್ಲರೂ ಚರ್ಚೆ ಮಾಡಿದ್ದು ಅವನ ಖಾಸಗಿತನ. ಅದೇ ವಿಡಿಯೋದಲ್ಲಿದ್ದ ಹೆಂಗಸಿನ ಬಗ್ಗೆ ಅದರ ಕಾಲು ಭಾಗವೂ ಮಾತಾಡಲಿಲ್ಲ.

ನಮ್ಮ ಕಾನೂನು ಇಲ್ಲಿ ಗಟ್ಟಿಯಾಗಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ, ಹೆಣ್ಣಿನ ಖಾಸಗಿ ಕ್ಷಣದ ಚಿತ್ರ ತೆಗೆಯುವುದಷ್ಟೇ ಅಲ್ಲ, ಹಂಚುವುದೂ ಅಪರಾಧ. ತೆಗೆಯಲು ಅವಳು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಅಪರಾಧವೇ. ಮೊದಲ ಸಲ 1ರಿಂದ 3 ವರ್ಷ ಜೈಲು. ಐಟಿ ಕಾಯ್ದೆಯ 66ಇ ಗಂಡಸಿಗೂ ರಕ್ಷಣೆ ಕೊಡುತ್ತದೆ: 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ. ಲೈಂಗಿಕ ದೃಶ್ಯವನ್ನು ಆನ್‌ಲೈನ್‌ನಲ್ಲಿ ಹಾಕುವುದಕ್ಕೆ ಇರುವ 67ಎ ಇನ್ನೂ ಜೋರು, 5 ವರ್ಷದವರೆಗೆ.

ಬ್ಲರ್ ಮಾಡಿದರೆ ಇದರಲ್ಲಿ ಯಾವುದಾದರೂ ಒಂದು ಸೆಕ್ಷನ್ ತಪ್ಪಿಸಿಕೊಳ್ಳಬಹುದೇನೋ. ಆದರೆ ಇಂಥವರದೇ ಕ್ಲಿಪ್ ಅಂತ ನೀವೇ ಹೇಳಿದ ಮೇಲೆ ಖಾಸಗಿತನಕ್ಕೆ ಧಕ್ಕೆ ಆಗಿಯೇ ಆಯ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ಜಡ್ಜ್‌ಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದ ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ಜಡ್ಜ್ ಆಗಿದ್ದರು. 2023ರ ಕೌಶಲ್ ಕಿಶೋರ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಈ ಹಕ್ಕನ್ನು ಸರ್ಕಾರದ ಮೇಲಷ್ಟೇ ಅಲ್ಲ, ಖಾಸಗಿಯವರ ಮೇಲೂ ಚಲಾಯಿಸಬಹುದು ಅಂದಿತು.

ಗಡಿಗಿ ಸರ್ಕಲ್ (ಬಳ್ಳಾರಿ)

ವಕೀಲಮ್ಮ, ನಿಮ್ಮ ಉತ್ತರವನ್ನು ಟೀಮ್ ಗ್ರೂಪ್‌ನಲ್ಲಿ ಹಾಕಿದೆ. ಹೆಣ್ಣುಮಗಳ ಮಾತು ಓದಿದ ಮೇಲೆ ಎಲ್ಲರೂ ತಣ್ಣಗಾದರು. ಕ್ಲಿಪ್ ಹಾಕಲ್ಲ, ಫೋನ್‌ಗಳಿಂದಲೂ ತೆಗೆದೆವು. ಅದು ಅಲ್ಲಿಗೆ ಮುಗೀತು. ಆದರೆ ಎರಡನೇ ಪ್ರಶ್ನೆ ನನ್ನನ್ನು ಬಿಡ್ತಿಲ್ಲ.

ಜೀನ್ಸ್ ಹೊಲಿಗೆ

ಕ್ಲಿಪ್ ಬೇಡ, ಒಪ್ಪಿದೆ. ಹಾಗಂತ ಸಿನಿಮಾದವರ ಬಗ್ಗೆ ಏನೂ ಹಾಕಬಾರದಾ? 2024ರ ಆಗಸ್ಟ್ ಕೊನೆಯಲ್ಲಿ ನಟ ದರ್ಶನ್ ಅವರನ್ನು ಪರಪ್ಪನ ಅಗ್ರಹಾರದಿಂದ ನಮ್ಮ ಬಳ್ಳಾರಿ ಜೈಲಿಗೆ ತಂದಾಗ ನೆನಪಿದೆಯಾ? ಜೈಲು ರಸ್ತೆಯಲ್ಲಿ ಎಲ್ಲಿ ನೋಡಿದರೂ ಕ್ಯಾಮೆರಾ. ಏನು ತಿಂದರು, ನಿದ್ದೆ ಬಂತಾ, ಬೆನ್ನುನೋವು ಎಷ್ಟಿದೆ, ದಿನಪೂರ್ತಿ ಅದೇ. ಜನ ನೋಡಿದರು ತಾನೇ?

ಎಡದಂಡೆ ಕಾಲುವೆ (ಗಂಗಾವತಿ)

ಜನ ನೋಡ್ತಾರೆ ಅನ್ನೋದು ಅಳತೆ ಅಲ್ಲ. ಅದೇ ಉದಾಹರಣೆಯಲ್ಲಿ ಎರಡು ಥರದ ಸುದ್ದಿ ಇದೆ. ಬೆಂಗಳೂರಿನ ಜೈಲಿನಲ್ಲಿ ಅವರು ಕುರ್ಚಿ ಹಾಕಿಕೊಂಡು ಕೂತ ಫೋಟೋ ಹೊರಗೆ ಬಂತಲ್ಲ, ಅದು ಸುದ್ದಿ. ಯಾಕೆ? ಸರ್ಕಾರಿ ಜೈಲಿನಲ್ಲಿ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದಾ ಅನ್ನೋ ಪ್ರಶ್ನೆ ಅದು. ಆ ಫೋಟೋ ಬಂದದ್ದಕ್ಕೇ ಅವರನ್ನು ಇಲ್ಲಿಗೆ ಕಳಿಸಿದ್ದು. ಆದರೆ ಬಳ್ಳಾರಿಯಲ್ಲಿ ಅವರ ಎಕ್ಸ್‌ರೇ, ಔಷಧಿ, ಹಾಸಿಗೆ ಅಂತ ಹೊತ್ತು ಕಳೆದದ್ದು? ಜಾಮೀನು ಅರ್ಜಿಯಲ್ಲಿ ಬಂದ ಮೇಲೆ ಬೆನ್ನುನೋವು ಸುದ್ದಿ ಆಗಬಹುದು, ಒಪ್ತೀನಿ. ಅದಕ್ಕೆ ಮುಂಚೆ ಅದು ರೋಗಿಯ ವಿಷಯ. ಕೊಲೆ ಆರೋಪ ಕೋರ್ಟ್ ನೋಡಿಕೊಳ್ಳುತ್ತದೆ, ಅದು ಬೇರೆ.

ಮನುಷ್ಯ ಒಬ್ಬನೇ. ಒಂದು ಫೋಟೋ ಹಾಕಬೇಕು, ಇನ್ನೊಂದು ಹಾಕಬಾರದು. ಹೆಸರು ನೋಡಿ ತೀರ್ಮಾನ ಮಾಡೋಕಾಗಲ್ಲ.

ವಕೀಲಮ್ಮ (ರಾಯಚೂರು)

ಇದಕ್ಕೆ ನಮ್ಮಲ್ಲಿ 1994ರಿಂದಲೇ ದಾರಿ ಇದೆ. ಆಟೋ ಶಂಕರ್ ಕೇಸು ಅಂತಾರೆ. ತಮಿಳುನಾಡಿನಲ್ಲಿ ಗಲ್ಲುಶಿಕ್ಷೆಯಾದ ಕೈದಿಯ ಜೀವನಕಥೆಯನ್ನು ಒಂದು ತಮಿಳು ಪತ್ರಿಕೆ ಹಾಕಲು ಹೊರಟಿತ್ತು. ಅಧಿಕಾರಿಗಳು ತಡೆಯಲು ನೋಡಿದರು. ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮದುವೆ, ಸಂಸಾರ, ಮಕ್ಕಳು ಇಂಥ ವಿಷಯವನ್ನು ಒಪ್ಪಿಗೆ ಇಲ್ಲದೆ ಬರೆಯುವ ಹಾಗಿಲ್ಲ. ಆದರೆ ಕೋರ್ಟ್ ದಾಖಲೆಯಂಥ ಸಾರ್ವಜನಿಕ ದಾಖಲೆಯಲ್ಲಿ ಇದ್ದರೆ ಬರೆಯಬಹುದು. ಅದರಲ್ಲೂ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರು ಹಾಕುವಂತಿಲ್ಲ. ಅಧಿಕಾರಿಯ ಕೆಲಸದ ಬಗ್ಗೆ ಬರೆಯಬಹುದು. ತಾನಾಗಿ ವಿವಾದಕ್ಕೆ ಇಳಿದವನ ಲೆಕ್ಕ ಸ್ವಲ್ಪ ಬೇರೆ.

ಗಾಕರ್ ಮಾಡಿದ ಕೆಲಸವನ್ನು ಇದರ ಮುಂದೆ ಇಡಿ. ಅವರು ಬರೆದ ಲೇಖನ ಬಹುಶಃ ಉಳಿಯುತ್ತಿತ್ತು. ವಿಡಿಯೋ ಉಳಿಯುತ್ತಿರಲಿಲ್ಲ. ಎರಡನ್ನೂ ಒಂದೇ ಅಂತ ಹಿಡಿದುಕೊಂಡು ಕೂತರು, ಅಲ್ಲೇ ಎಡವಿದ್ದು. "ಇಂಥ ವಿಡಿಯೋ ಇದೆ, ಓಡಾಡುತ್ತಿದೆ" ಅಂತ ಬರೆಯುವುದು ಒಂದು. ತೋರಿಸುವುದು ಇನ್ನೊಂದು.

ಇನ್ನೊಂದು ವಿಷಯ ಪತ್ರಕರ್ತರೆಲ್ಲಾ ತಿಳಿದಿರಬೇಕು. ಆ ಪೋಸ್ಟ್ ಬರೆದ ಸಂಪಾದಕ ಎ.ಜೆ. ಡಾಲೇರಿಯೋನನ್ನು ಎದುರಾಳಿ ವಕೀಲರು ವಿಚಾರಣೆಗೂ ಮುಂಚೆ ಪ್ರಶ್ನೆ ಮಾಡಿದರು. ಪ್ರಸಿದ್ಧರ ಯಾವ ಖಾಸಗಿ ವಿಡಿಯೋ ಸುದ್ದಿ ಆಗಲ್ಲ ಅಂತ ಕೇಳಿದಾಗ, ಮಕ್ಕಳದ್ದಾದರೆ ಅಂದ. ಎಷ್ಟು ವಯಸ್ಸಿನ ಮಕ್ಕಳು ಅಂದರೆ, ನಾಲ್ಕು ಅಂದ. ಆಮೇಲೆ ಅದು ವ್ಯಂಗ್ಯ ಅಂತ ಹೇಳಿಕೊಂಡರು. ಅದನ್ನೇ ರೆಕಾರ್ಡ್ ಹಾಕಿ ಜ್ಯೂರಿಗೆ ತೋರಿಸಿದರು. ಪ್ರಮಾಣ ಮಾಡಿ ಕೂತಾಗ ಜೋಕು ಮಾಡಬೇಡಿ.

ಕೌಲ್‌ಬಜಾರ್ ಕಾಕಾ

ನಾಲ್ಕು ವರ್ಷ ಅಂದನಾ? ಥೂ. ಹಾಗಾದರೆ ಆ ದಂಡ ಕಡಿಮೆಯೇ ಆಯ್ತು.

ಗಡಿಗಿ ಸರ್ಕಲ್ (ಬಳ್ಳಾರಿ)

ಕಾಕಾ, ಅವನ ಪರ ಯಾರೂ ಇಲ್ಲಿ ವಾದ ಮಾಡ್ತಿಲ್ಲ. ನನ್ನ ಚಿಂತೆ ಬೇರೆ. ಈಗ ನಿಜವಾದ ಕಥೆಗೆ ಬರ್ತೀನಿ.

ಕೇಸು ನಡೆಯುವಾಗ ಹೋಗನ್ ವಕೀಲರು ಒಂದು ವಿಚಿತ್ರ ಕೆಲಸ ಮಾಡಿದರು. ಗಾಕರ್‌ನ ವಿಮಾ ಕಂಪನಿಯಿಂದ ದುಡ್ಡು ಬರಬಹುದಾಗಿದ್ದ ಒಂದು ಆರೋಪವನ್ನು ತಾವೇ ಕೈಬಿಟ್ಟರು. ದುಡ್ಡು ಬೇಕಾದವನು ದುಡ್ಡಿರುವ ಜೇಬನ್ನು ಯಾಕೆ ಬಿಡ್ತಾನೆ? ಹೋಗನ್‌ಗೆ ಪರಿಹಾರ ಸಿಗೋದಕ್ಕಿಂತ ಗಾಕರ್ ತನ್ನ ಕೈಯಿಂದ ಕಟ್ಟೋದು ಮುಖ್ಯ ಅಂತ ಯಾರಿಗೋ ಅನ್ನಿಸಿತ್ತು. ತೀರ್ಪು ಬಂದ ಮೇಲೆ, 2016ರ ಮೇನಲ್ಲಿ, ಅದು ಯಾರು ಅಂತ ಹೊರಗೆ ಬಂತು. ಪೀಟರ್ ಥೀಲ್. ಪೇಪಾಲ್ ಕಟ್ಟಿದವರಲ್ಲಿ ಒಬ್ಬ, ಫೇಸ್‌ಬುಕ್‌ಗೆ ಮೊದಲು ದೊಡ್ಡ ದುಡ್ಡು ಹಾಕಿದವನು. 2007ರಲ್ಲಿ ಗಾಕರ್‌ನದೇ ಒಂದು ಬ್ಲಾಗ್ ಇವನು ಸಲಿಂಗಿ ಅಂತ ಬರೆದಿತ್ತು. ಅದಕ್ಕೆ ವರ್ಷಗಟ್ಟಲೆ ಕಾದು, ಬೇರೆಯವರ ಕೇಸುಗಳಿಗೆ ಸುಮಾರು 1 ಕೋಟಿ ಡಾಲರ್ ಸುರಿದ. ತಾನೇ ಪತ್ರಿಕೆಗೆ ಹೇಳಿಕೊಂಡ.

ಈಗ ಹೇಳಿ. ಥೀಲ್‌ನ ಖಾಸಗಿ ವಿಷಯ ಬರೆದದ್ದು ತಪ್ಪು, ನನಗೂ ಅನಿಸುತ್ತದೆ. ಹೋಗನ್ ವಿಡಿಯೋ ಹಾಕಿದ್ದೂ ತಪ್ಪು. ಆದರೆ ನಮ್ಮ ಮೇಲೆ ಇಂಥ ಒಬ್ಬ ಕಣ್ಣಿಟ್ಟರೆ? ಹಿಂದೊಮ್ಮೆ ಇಲ್ಲಿನ ಒಬ್ಬ ಉದ್ಯಮಿಯ ಲಾರಿಗಳ ಬಗ್ಗೆ ಸುದ್ದಿ ಮಾಡಿದೆವು. ಎಲ್ಲದಕ್ಕೂ ದಾಖಲೆ ಇತ್ತು. ಆದರೂ ಕೋಟಿಗಟ್ಟಲೆ ಪರಿಹಾರ ಕೇಳಿ ನೋಟಿಸ್ ಬಂತು. ಕೇಸೇನೂ ಆಗಲಿಲ್ಲ. ಆದರೆ ಆ ಕಾಗದ ಬಂದ ಮೇಲೆ ನಮ್ಮ ಒಬ್ಬ ಕ್ಯಾಮೆರಾಮನ್ ಗಣಿ ಕಡೆ ಹೋಗೋದನ್ನೇ ಬಿಟ್ಟ.

ಟ್ರಂಪ್ ಕಾರ್ಡ್ (ಸಂಡೂರು)

ಸಂಡೂರಿನವನಾಗಿ ಇದಕ್ಕೆ ಉತ್ತರ ಹೇಳಬೇಕಿಲ್ಲ. ಇಲ್ಲಿ ಯಾರು ಏನು ಬರೀತಾರೆ, ಯಾವಾಗ ನಿಲ್ಲಿಸ್ತಾರೆ ಅಂತ ನೋಡುತ್ತಲೇ ಬೆಳೆದಿದ್ದೇವೆ.

ಜೀನ್ಸ್ ಹೊಲಿಗೆ

ಬೇರೆಯವರ ಕೇಸಿಗೆ ದುಡ್ಡು ಕೊಡೋದು ನಮ್ಮಲ್ಲಿ ಕಾನೂನಿಗೆ ಒಪ್ಪಿಗೆನಾ?

ವಕೀಲಮ್ಮ (ರಾಯಚೂರು)

ವಕೀಲರು ಕೊಡುವ ಹಾಗಿಲ್ಲ. ಬೇರೆಯವರು ಕೊಡೋಕೆ ತಡೆ ಇಲ್ಲ. 2018ರಲ್ಲಿ ಎ.ಕೆ. ಬಾಲಾಜಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಇಂಗ್ಲೆಂಡಿನಲ್ಲಿ ಹಿಂದೆ ಇಂಥದ್ದಕ್ಕೆ ಕಟ್ಟುನಿಟ್ಟು ಇತ್ತು. ಆ ಕಟ್ಟುನಿಟ್ಟು ಇಲ್ಲಿಗೆ ಹಾಗೇ ಅನ್ವಯ ಆಗಲ್ಲ ಅಂತ ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1876ರಲ್ಲೇ ಹೇಳಿತ್ತು. ಯೋಚನೆ ಮಾಡಿ ನೋಡಿದರೆ ಇದು ಒಳ್ಳೇದೂ ಹೌದು. ಬಡವರ ಕೇಸಿಗೆ ಸಂಘದವರು ವಂತಿಗೆ ಎತ್ತುವುದೂ ಇದೇ ಬಾಗಿಲಿಂದ. ಹಾಗಾಗಿ ಬಾಗಿಲು ಮುಚ್ಚಿ ಅನ್ನೋದಕ್ಕೆ ನಾನು ಒಪ್ಪಲ್ಲ. ಯಾರು ದುಡ್ಡು ಕೊಡ್ತಿದ್ದಾರೆ ಅಂತ ಕೋರ್ಟ್‌ಗೂ ಎದುರಾಳಿಗೂ ಮೊದಲೇ ಗೊತ್ತಿರಬೇಕು, ನನ್ನ ಒತ್ತಾಯ ಅಷ್ಟೇ. ಗಾಕರ್ ಜ್ಯೂರಿಗೆ ಅದು ಗೊತ್ತೇ ಇರಲಿಲ್ಲ.

ಎಡದಂಡೆ ಕಾಲುವೆ (ಗಂಗಾವತಿ)

ಇಲ್ಲಿ ನಾನು ಗಡಿಗಿ ಸರ್ಕಲ್ ಪರ. ಗಾಕರ್‌ನವರು ಮೇಲ್ಮನವಿಯಲ್ಲಿ ಗೆಲ್ಲುತ್ತೇವೆ ಅಂತ ನಂಬಿದ್ದರು. 2014ರಲ್ಲಿ ತಮ್ಮ ಪರ ನಿಂತಿದ್ದ ಅದೇ ಮೇಲಿನ ಕೋರ್ಟ್‌ಗೆ ಹೋಗಬೇಕಿತ್ತು. ಆದರೆ ಅಲ್ಲಿಯವರೆಗೆ ವಸೂಲಿ ನಿಲ್ಲಬೇಕಾದರೆ ಬಾಂಡ್, ಅಂದರೆ ಹಣದ ಭದ್ರತೆ, ಇಡಬೇಕು. ಫ್ಲೋರಿಡಾದಲ್ಲಿ ಅದರ ಮಿತಿಯೇ 5 ಕೋಟಿ ಡಾಲರ್. ಅಷ್ಟು ದುಡ್ಡು ಇರಲಿಲ್ಲ, ದಿವಾಳಿ ಅರ್ಜಿ ಹಾಕಿದರು. ಕೊನೆಗೆ ನವೆಂಬರ್‌ನಲ್ಲಿ 3.1 ಕೋಟಿ ಡಾಲರ್‌ಗೆ ರಾಜಿ ಆಯ್ತು. ಅಂದರೆ ಆ 14 ಕೋಟಿ ಸರಿನಾ ತಪ್ಪಾ ಅಂತ ಯಾವ ಮೇಲಿನ ಕೋರ್ಟೂ ಕೊನೆಗೂ ನೋಡಲೇ ಇಲ್ಲ. ಇದು ನನಗೆ ನುಂಗಲಾಗದ ವಿಷಯ. ತಪ್ಪಿಗೆ ಶಿಕ್ಷೆ ಇರಲಿ, ಆದರೆ ಶಿಕ್ಷೆಯ ಅಳತೆ ಸರಿಯಾ ಅಂತ ಕೇಳುವ ಹಕ್ಕೂ ದುಡ್ಡಿದ್ದವನಿಗೆ ಮಾತ್ರನಾ?

ಹೋಲಿಕೆಗೆ ಇಂಗ್ಲೆಂಡ್ ನೋಡಿ. 2008ರಲ್ಲಿ ಮ್ಯಾಕ್ಸ್ ಮೋಸ್ಲಿ ಎಂಬ ಕಾರ್ ರೇಸ್ ಸಂಸ್ಥೆಯ ಮುಖ್ಯಸ್ಥ ಕೇಸು ಹಾಕಿ ಗೆದ್ದ. ಅಲ್ಲೂ ಗುಟ್ಟಾಗಿ ತೆಗೆದ ವಿಡಿಯೋ, ಅಲ್ಲೂ ಭಾರೀ ಪತ್ರಿಕೆ. ಜ್ಯೂರಿ ಇರಲಿಲ್ಲ, ಜಡ್ಜ್ ಒಬ್ಬರೇ. ಪರಿಹಾರ 60,000 ಪೌಂಡ್. ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿ ಆಸುಪಾಸು. ಪತ್ರಿಕೆಗೆ ಬುದ್ಧಿ ಬರುವಷ್ಟು, ಬಾಗಿಲು ಹಾಕುವಷ್ಟಲ್ಲ.

ಸಿರುಗುಪ್ಪ ಭತ್ತ

ಆ ಪತ್ರಿಕೆಗೆ ಬುದ್ಧಿ ಬಂತಾ? ನ್ಯೂಸ್ ಆಫ್ ದಿ ವರ್ಲ್ಡ್ ತಾನೇ ಅದು? ಮೂರು ವರ್ಷಕ್ಕೆ, 2011ರಲ್ಲಿ, ಫೋನ್ ಕದ್ದು ಕೇಳಿದ ಹಗರಣದಲ್ಲಿ ಮುಚ್ಚಿತು. 60,000 ಪೌಂಡು ಅವರಿಗೆ ಚಹಾ ಖರ್ಚು. ಸಣ್ಣ ದಂಡ ದೊಡ್ಡವರಿಗೆ ತಾಗಲ್ಲ, ದೊಡ್ಡ ದಂಡ ಸಣ್ಣವರನ್ನು ಉಳಿಸಲ್ಲ. ಎರಡೂ ಕಡೆ ತೊಂದರೆ ಇದೆ.

ಎಡದಂಡೆ ಕಾಲುವೆ (ಗಂಗಾವತಿ)

ಅದು ಸರಿಯಾದ ಪೆಟ್ಟು. ಒಪ್ತೀನಿ.

ಗಡಿಗಿ ಸರ್ಕಲ್ (ಬಳ್ಳಾರಿ)

ವಕೀಲಮ್ಮ, ನಮ್ಮಲ್ಲಿ ಜ್ಯೂರಿ ಇಲ್ಲ, 900 ಕೋಟಿ ಬರಲ್ಲ ಅಂತ ಧೈರ್ಯವಾಗಿ ಇರಬಹುದಾ?

ವಕೀಲಮ್ಮ (ರಾಯಚೂರು)

ಅಂಥ ಮೊತ್ತ ಬರುವುದು ಕಷ್ಟ. ಇನ್ನೊಂದು ತಡೆಯೂ ಇದೆ. ಕರ್ನಾಟಕದಲ್ಲಿ ಪರಿಹಾರದ ದಾವಾ ಹಾಕುವವರು 1958ರ ಕೋರ್ಟ್ ಶುಲ್ಕ ಕಾಯ್ದೆಯಂತೆ ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಬೇಕು. ನೋಟಿಸ್‌ನಲ್ಲಿ 10 ಕೋಟಿ ಬರೆಯಲು ಏನೂ ಖರ್ಚಿಲ್ಲ. ಕೋರ್ಟ್‌ನಲ್ಲಿ ಬರೆಯಲು ಇದೆ. ಅದಕ್ಕೇ ಎಷ್ಟೋ ನೋಟಿಸ್‌ಗಳು ನೋಟಿಸ್ ಆಗಿಯೇ ಉಳಿಯುತ್ತವೆ. ಹೆದರಿ ವಿಡಿಯೋ ತೆಗೆಯುವ ಮೊದಲು ಇದನ್ನು ನೆನಪಿಡಿ.

ನಮ್ಮಲ್ಲಿ ಭಯಪಡಬೇಕಾದದ್ದು ಬೇರೆ ಮೂರು ಇವೆ. ಒಂದು, ಕ್ರಿಮಿನಲ್ ಮಾನನಷ್ಟ. ಸಂಹಿತೆಯ 356, 2 ವರ್ಷದವರೆಗೆ ಜೈಲು. ಸುಪ್ರೀಂ ಕೋರ್ಟ್ 2016ರಲ್ಲಿ ಈ ಅಪರಾಧವನ್ನು ಎತ್ತಿಹಿಡಿದಿದೆ. ವಿಡಿಯೋ ಎಲ್ಲಾ ಕಡೆ ಕಾಣುವುದರಿಂದ ದೂರದ ಊರಲ್ಲಿ ದೂರು ಕೊಡಬಹುದು. ತೀರ್ಪಿಗಿಂತ ವಾಯಿದೆಗೆ ಓಡಾಡುವುದೇ ಶಿಕ್ಷೆ. ಎರಡು, ನಿಮ್ಮನ್ನು ಕೇಳದೇ ಬರುವ ತಡೆಯಾಜ್ಞೆ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿ ಸಂಸ್ಥೆ ಮತ್ತು ಜೀ ಟಿವಿ ಕಂಪನಿ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟ್‌ಗಳಿಗೆ ಎಚ್ಚರಿಕೆ ಕೊಟ್ಟಿದೆ. ವಿಚಾರಣೆಗೆ ಮುಂಚೆ ಸುದ್ದಿಗೆ ತಡೆ ಕೊಡುವುದು ಅಪರೂಪಕ್ಕೆ ಮಾತ್ರ ಇರಬೇಕು ಅಂದಿದೆ. ತಡೆಯಾಜ್ಞೆ ಬಂದರೆ ನಿಮ್ಮ ವಕೀಲರ ಕೈಗೆ ಈ ತೀರ್ಪು ಕೊಡಿ. ಮೂರು, ಹಣದ ಡಿಕ್ರಿ (ಇಷ್ಟು ಹಣ ಕಟ್ಟಿ ಎಂಬ ಕೋರ್ಟ್ ಆದೇಶ) ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲಲ್ಲ. ತಡೆ ಬೇಕಾದರೆ ಸಾಮಾನ್ಯವಾಗಿ ಠೇವಣಿ ಅಥವಾ ಭದ್ರತೆ ಕೇಳುತ್ತಾರೆ. ಗಾಕರ್ ಸಿಕ್ಕಿಹಾಕಿಕೊಂಡ ಬಾಗಿಲು ಇಲ್ಲೂ ಇದೆ, ಅಳತೆ ಚಿಕ್ಕದು ಅಷ್ಟೇ. ಹೈಕೋರ್ಟ್ ಅಂದರೆ ನಿಮಗೆ ಧಾರವಾಡ ಪೀಠ, ನಮ್ಮ ರಾಯಚೂರಿಗೆ ಕಲಬುರಗಿ.

ಜೀನ್ಸ್ ಹೊಲಿಗೆ

ಹಾಗಾದರೆ ಚಾನೆಲ್ ಅನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಬಿಡಿ. ಕಂಪನಿ ಮುಳುಗಿದರೂ ಮನೆ ಉಳಿಯುತ್ತೆ. ನಾವು ಹೊಲಿಗೆ ಘಟಕಕ್ಕೆ ಹಾಗೇ ಮಾಡಿದ್ದೇವೆ.

ವಕೀಲಮ್ಮ (ರಾಯಚೂರು)

ಬಟ್ಟೆಯ ಸಾಲಕ್ಕೆ ಅದು ನಡೆಯುತ್ತದೆ. ಸುದ್ದಿಗೆ ಪೂರ್ತಿ ನಡೆಯಲ್ಲ. ಗಾಕರ್ ದೊಡ್ಡ ಕಂಪನಿಯೇ ಆಗಿತ್ತು. ಆದರೂ ದಂಡದಲ್ಲಿ 1 ಕೋಟಿ ಡಾಲರ್ ಡೆಂಟನ್ ತಲೆ ಮೇಲೆ, 1 ಲಕ್ಷ ಡಾಲರ್ ಡಾಲೇರಿಯೋ ತಲೆ ಮೇಲೆ ಬಿತ್ತು. ಡೆಂಟನ್ ಸ್ವಂತ ಹೆಸರಲ್ಲೇ ದಿವಾಳಿ ಅರ್ಜಿ ಹಾಕಬೇಕಾಯ್ತು. ಇಲ್ಲೂ ಬರೆದವರು, ಸಂಪಾದಕರು ತಮ್ಮ ಹೆಸರಲ್ಲೇ ಕಕ್ಷಿದಾರರಾಗುತ್ತಾರೆ. ಕ್ರಿಮಿನಲ್ ಕೇಸಿಗಂತೂ ಕಂಪನಿ ಅಡ್ಡ ಬರಲ್ಲ. ಕಂಪನಿ ಮಾಡಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು, ಲಾರಿ ಸುದ್ದಿಯ ದಾಖಲೆಗಳ ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. ಆ ನೋಟಿಸ್‌ಗೆ ಉತ್ತರ ಕೊಟ್ಟಿದ್ದೀರಾ?

ಗಡಿಗಿ ಸರ್ಕಲ್ (ಬಳ್ಳಾರಿ)

ಇಲ್ಲ. ಕೊಡಬೇಕಾ?

ವಕೀಲಮ್ಮ (ರಾಯಚೂರು)

ಕೊಡಿ. ಒಂದೇ ಪುಟ ಸಾಕು. "ಸುದ್ದಿ ದಾಖಲೆ ಆಧರಿಸಿದೆ, ನಿಮ್ಮ ಕಡೆಯ ಮಾತು ಇದ್ದರೆ ಕಳಿಸಿ, ಅದನ್ನೂ ಹಾಕುತ್ತೇವೆ" ಅಂತ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕರಡು ಬರೆದು ನನಗೆ ಮೆಸೇಜ್ ಹಾಕಿ, ನೋಡಿ ಕೊಡ್ತೀನಿ. ಫೀಸ್ ಬೇಡ.